ಗ್ರಾಹಕರ ಮನಸ್ಸು ಓದುವ ವಿಜ್ಞಾನ: ಯಾವುದು ಬಿತ್ತು, ಯಾವುದು ಉಳಿಯಿತು?

ಪ್ರಾಮಾಣಿಕತೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿದ್ದ ಪ್ರೊಫೆಸರ್ ಮೇಲೆ ಡೇಟಾ ತಿದ್ದಿದ ಆರೋಪ ಬಂದರೆ ಹೇಗಿರುತ್ತದೆ? ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಫ್ರಾಂಚೆಸ್ಕಾ ಜಿನೋ ಅವರ ವಿಷಯದಲ್ಲಿ ಆಗಿದ್ದು ಅದೇ. 2023ರಲ್ಲಿ ಅವರನ್ನು ರಜೆಯ ಮೇಲೆ ಕಳಿಸಲಾಯಿತು. 2025ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅವರ ಕಾಯಂ ಹುದ್ದೆಯನ್ನೇ ಕಿತ್ತುಕೊಂಡಿತು. ಅಲ್ಲಿ ಇಂಥ ಕ್ರಮ ಹಲವು ದಶಕಗಳಿಂದ ನಡೆದಿರಲಿಲ್ಲ. ಜಿನೋ ಮಾತ್ರ ತಾವು ಡೇಟಾ ತಿದ್ದಿಲ್ಲ ಎಂದು ಮೊದಲಿನಿಂದಲೂ ಹೇಳುತ್ತಿದ್ದಾರೆ.

ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಜನ ಹೇಗೆ ಕೊಳ್ಳುತ್ತಾರೆ, ಹೇಗೆ ನಿರ್ಧಾರ ಮಾಡುತ್ತಾರೆ ಎನ್ನುವ ಸಂಶೋಧನೆ ಕಳೆದ ಎರಡು ದಶಕಗಳಲ್ಲಿ ಎಲ್ಲ ಕಡೆ ನುಗ್ಗಿದೆ. ಆಯ್ಕೆ ಜಾಸ್ತಿಯಾದರೆ ಜನ ಕೊಳ್ಳುವುದಿಲ್ಲ. ಇಚ್ಛಾಶಕ್ತಿ ಬ್ಯಾಟರಿಯ ಹಾಗೆ ಖಾಲಿಯಾಗುತ್ತದೆ. ಫಾರಂನ ಮೇಲ್ಗಡೆ ಸಹಿ ಹಾಕಿಸಿದರೆ ಜನ ಸುಳ್ಳು ಬರೆಯುವುದಿಲ್ಲ. ಇಂಥ ಮಾತುಗಳು ಭಾಷಣಗಳಿಂದ ಜಾಹೀರಾತು ಕಚೇರಿಗೆ, ಅಲ್ಲಿಂದ ಸರ್ಕಾರಿ ಇಲಾಖೆಗಳಿಗೂ ಹೋದವು. ಹಾಗಾದರೆ ಇವೆಲ್ಲ ಸುಳ್ಳಾ?

ಎಲ್ಲವೂ ಅಲ್ಲ. ಆದರೆ ಒಬ್ಬಿಬ್ಬರ ತಪ್ಪು ಅಷ್ಟೇ, ಉಳಿದದ್ದು ಸರಿ ಇದೆ ಎನ್ನುವ ಸಮಾಧಾನವೂ ನಿಲ್ಲುವುದಿಲ್ಲ. ಅದಕ್ಕೆ ಕಾರಣ ತಿಳಿಯಬೇಕಾದರೆ ಆ ಸಹಿಯ ಪ್ರಕರಣದಿಂದಲೇ ಶುರುಮಾಡಬೇಕು.

ಒಂದು ಸಹಿ, ಎರಡು ಅನುಮಾನ

2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಜಿನೋ, ಡ್ಯಾನ್ ಏರಿಯಲಿ ಸೇರಿ ಐದು ಮಂದಿ ಲೇಖಕರು. ಮಾಹಿತಿ ತುಂಬಿದ ಮೇಲೆ ಕೆಳಗಡೆ ಸಹಿ ಹಾಕಿಸುವ ಬದಲು ಮೊದಲೇ, ಮೇಲ್ಗಡೆ ಹಾಕಿಸಿ; ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎನ್ನುವುದು ಅವರ ವಾದ. ತೆರಿಗೆ ಇಲಾಖೆಗೂ ವಿಮಾ ಕಂಪನಿಗೂ ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ? ಖರ್ಚಿಲ್ಲ, ಕಾನೂನು ಬೇಡ. ಸಹಿಯ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದರೆ ಆಯಿತು.

2020ರಲ್ಲಿ ಅದೇ ಲೇಖಕರು ಇನ್ನಿಬ್ಬರ ಜೊತೆ ಸೇರಿ ಹೆಚ್ಚು ಜನರ ಮೇಲೆ ಪ್ರಯೋಗ ಮಾಡಿದರು. ಪರಿಣಾಮ ಸಿಗಲಿಲ್ಲ. ಹಾಗೆಂದು ಅದೇ ಪತ್ರಿಕೆಯಲ್ಲಿ ಬರೆದರು, ಹಳೆಯ ಡೇಟಾವನ್ನೂ ಎಲ್ಲರಿಗೂ ತೆರೆದಿಟ್ಟರು. ಇಲ್ಲಿಯವರೆಗೆ ವಿಜ್ಞಾನ ನಡೆಯಬೇಕಾದ ಹಾಗೆಯೇ ನಡೆದಿದೆ.

ತೆರೆದಿಟ್ಟ ಆ ಡೇಟಾ ಬೇರೆ ಕಥೆ ಹೇಳಿತು. ಯೂರಿ ಸೈಮನ್‌ಸನ್, ಲೀಫ್ ನೆಲ್ಸನ್, ಜೋ ಸಿಮನ್ಸ್ ಎಂಬ ಮೂವರು ಸಂಶೋಧಕರು ಡೇಟಾ ಕೊಲಾಡಾ ಎಂಬ ಬ್ಲಾಗ್ ನಡೆಸುತ್ತಾರೆ. 2021ರ ಆಗಸ್ಟ್‌ನಲ್ಲಿ ಅವರು ಪ್ರಬಂಧದ ಮೂರನೇ ಪ್ರಯೋಗದ ಫೈಲ್ ಬಗ್ಗೆ ಬರೆದರು. ಅದರಲ್ಲಿ ಇದ್ದದ್ದು ವಿಮೆ ಮಾಡಿಸಿದವರ ಕಾರುಗಳು ಓಡಿದ ಮೈಲಿಗಳ ಲೆಕ್ಕ. ಸಾಮಾನ್ಯವಾಗಿ ಹೆಚ್ಚಿನವರು ಮಧ್ಯಮ ದೂರ ಓಡಿಸುತ್ತಾರೆ, ತೀರ ಕಡಿಮೆ ಅಥವಾ ತೀರ ಜಾಸ್ತಿ ಓಡಿಸುವವರು ಕೆಲವರೇ. ಈ ಫೈಲಿನಲ್ಲಿ ಹಾಗಿರಲಿಲ್ಲ. ಸೊನ್ನೆಯಿಂದ 50,000 ಮೈಲಿಯವರೆಗೆ ಎಲ್ಲ ದೂರಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಕಾರುಗಳು. 50,000 ದಾಟಿದರೆ ಒಂದೂ ಇಲ್ಲ! ಸಾಲದ್ದಕ್ಕೆ, ಹಳೆಯ ಮೀಟರ್ ಅಂಕಿಗಳಲ್ಲಿ ಅರ್ಧ ಕ್ಯಾಲಿಬ್ರಿ ಎಂಬ ಫಾಂಟ್‌ನಲ್ಲಿ, ಇನ್ನರ್ಧ ಕೇಂಬ್ರಿಯಾ ಎಂಬ ಫಾಂಟ್‌ನಲ್ಲಿ ಇದ್ದವು. ಪತ್ರಿಕೆ ಪ್ರಬಂಧವನ್ನು ಹಿಂತೆಗೆಯಿತು. ಆ ಡೇಟಾ ತಂದವರು ಏರಿಯಲಿ. ತಾವು ತಿದ್ದಿಲ್ಲ ಎಂದು ಅವರು ಹೇಳಿದರು. ವಿಮಾ ಕಂಪನಿ, ತಾನು ಕೊಟ್ಟ ಡೇಟಾ ಇದಲ್ಲ ಎಂದಿತು.

2023ರ ಜೂನ್‌ನಲ್ಲಿ ಅದೇ ಮೂವರು ಅದೇ ಪ್ರಬಂಧದ ಮೊದಲ ಪ್ರಯೋಗವನ್ನು ಎತ್ತಿಕೊಂಡರು. ಅದರ ಡೇಟಾ ಜಿನೋ ಅವರದು. ಎಕ್ಸೆಲ್ ಫೈಲ್ ಒಳಗೆ ಲೆಕ್ಕದ ಕ್ರಮ ದಾಖಲಾಗುವ ಒಂದು ಮೂಲೆ ಇರುತ್ತದೆ. ಕೆಲವು ಸಾಲುಗಳನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ಸರಿಸಿದ ಗುರುತು ಅಲ್ಲಿದೆ ಎಂದು ತೋರಿಸಿದರು. ಅಂದರೆ ಒಂದೇ ಪ್ರಬಂಧ, ಎರಡು ಬೇರೆ ಪ್ರಯೋಗ, ಎರಡು ಬೇರೆ ಕಡೆಯಿಂದ ಬಂದ ಡೇಟಾ, ಎರಡರ ಮೇಲೂ ಅನುಮಾನ. ವಿಷಯ ಪ್ರಾಮಾಣಿಕತೆ. ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಜಿನೋ ಹಾರ್ವರ್ಡ್ ಮೇಲೂ ಈ ಮೂವರ ಮೇಲೂ 2.5 ಕೋಟಿ ಡಾಲರ್ ಮೊಕದ್ದಮೆ ಹೂಡಿದರು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರು ಮಾನನಷ್ಟದ ಭಾಗವನ್ನು ತಳ್ಳಿಹಾಕಿದರು. ಹಾರ್ವರ್ಡ್ ತನ್ನ ಕರಾರು ಮುರಿಯಿತೇ ಎಂಬ ಪ್ರಶ್ನೆಯನ್ನು ಉಳಿಸಿಕೊಂಡರು.

ಮೋಸವಿಲ್ಲದೆಯೂ ಸುಳ್ಳು ಹುಟ್ಟುವುದು ಹೇಗೆ

ಸುದ್ದಿಯಾಗುವುದು ಮೋಸ. ಆದರೆ ಈ ಕ್ಷೇತ್ರಕ್ಕೆ ಜಾಸ್ತಿ ಪೆಟ್ಟು ಕೊಟ್ಟಿದ್ದು ಮೋಸವಲ್ಲ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಅಡ್ಡದಾರಿ.

ಪರಿಣಾಮವೇ ಇಲ್ಲದಿದ್ದರೆ ಇಂಥ ಫಲಿತಾಂಶ ಬರೀ ಅದೃಷ್ಟದಿಂದ ಬರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ ಎಂದು ಲೆಕ್ಕ ತೋರಿಸಿದರೆ ಪತ್ರಿಕೆಗಳು ಒಪ್ಪುವುದು ರೂಢಿ. ಕೇಳಲು ಬಿಗಿಯಾಗಿದೆ. ಆದರೆ ಪರಿಣಾಮವೇ ಇಲ್ಲದ ವಿಷಯದ ಮೇಲೆ ಇಪ್ಪತ್ತು ಸಲ ಅಳೆದರೆ, ಒಂದು ಸಲವಾದರೂ ಆ ಗೆರೆ ದಾಟುವ ಸಾಧ್ಯತೆ ಸಾಕಷ್ಟಿದೆ. ಸಂಶೋಧಕ ಹತ್ತು ವಿಷಯ ಅಳೆದು ಒಂದನ್ನೇ ಬರೆದರೆ? ಫಲಿತಾಂಶ ಬರುವವರೆಗೆ ಜನರನ್ನು ಸೇರಿಸುತ್ತಾ ಹೋದರೆ? ಗಂಡಸರನ್ನು ಬಿಟ್ಟು ಹೆಂಗಸರ ಲೆಕ್ಕ ಮಾತ್ರ ತೆಗೆದರೆ? ಒಂದೊಂದೂ ಸಣ್ಣ ನಿರ್ಧಾರ. ಒಂದೂ ಸುಳ್ಳಲ್ಲ. ಎಲ್ಲ ಸೇರಿದರೆ ಏನನ್ನು ಬೇಕಾದರೂ ಸಾಬೀತು ಮಾಡಬಹುದು.

ಇದನ್ನು 2011ರಲ್ಲೇ ತಮಾಷೆಯಾಗಿ ತೋರಿಸಿದವರು ಇದೇ ಡೇಟಾ ಕೊಲಾಡಾದ ಮೂವರು. ಒಂದು ಹಾಡು ಕೇಳಿಸಿಕೊಂಡವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು ಎಂದು ಅವರು 'ಸಾಬೀತು' ಮಾಡಿದರು. ಭಾವನೆ ಅಲ್ಲ, ನಿಜವಾದ ವಯಸ್ಸು! ಬಳಸಿದ್ದು ನಿಜವಾದ ಡೇಟಾ, ಎಲ್ಲರೂ ಬಳಸುವ ಲೆಕ್ಕಗಳು.

ತಮಾಷೆಯಲ್ಲದ ಉದಾಹರಣೆಯೂ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್, ಜನ ಎಷ್ಟು ತಿನ್ನುತ್ತಾರೆ, ಏಕೆ ಕೊಳ್ಳುತ್ತಾರೆ ಎಂಬ ವಿಷಯದಲ್ಲಿ ದೊಡ್ಡ ಹೆಸರು. ಸೋತ ಪ್ರಯೋಗವೊಂದರ ಡೇಟಾವನ್ನು ಕೆದಕಿ ಕೆದಕಿ ವಿದ್ಯಾರ್ಥಿಯೊಬ್ಬರು ಹಲವು ಪ್ರಬಂಧ ಹೊರತಂದರು ಎಂದು 2016ರಲ್ಲಿ ಅವರೇ ಹೆಮ್ಮೆಯಿಂದ ಬರೆದರು. ಓದಿದವರು ಬೆಚ್ಚಿದರು. ಅವರ ಹಳೆಯ ಪ್ರಬಂಧಗಳ ಅಂಕಿಗಳನ್ನು ಪರೀಕ್ಷಿಸತೊಡಗಿದರು. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಗಳು ಒಂದೇ ದಿನ ಅವರ ಆರು ಪ್ರಬಂಧ ಹಿಂತೆಗೆದವು. ವಿಶ್ವವಿದ್ಯಾಲಯದ ತನಿಖೆಯೂ ಅವರ ತಪ್ಪು ಎತ್ತಿ ಹೇಳಿತು, ಅವರು ಹುದ್ದೆ ಬಿಟ್ಟರು. ಇದರಲ್ಲಿ ಗಮನಿಸಬೇಕಾದದ್ದು ಆ ಹೆಮ್ಮೆ. ಡೇಟಾ ಕೆದಕುವುದು ತಪ್ಪು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಇದರ ಮೇಲೆ ಜರಡಿಗಳು. ಪರಿಣಾಮ ಇಲ್ಲ ಎನ್ನುವ ಪ್ರಬಂಧ ಪತ್ರಿಕೆಗೆ ಬೇಡ. ಪ್ರಕಟವಾದವುಗಳಲ್ಲಿ ಅಚ್ಚರಿ ಹುಟ್ಟಿಸುವುದು ಮಾತ್ರ ಸುದ್ದಿಗೆ ಬೇಕು. ಸುದ್ದಿಯಾದದ್ದರಲ್ಲಿ ಇನ್ನೂ ಅಚ್ಚರಿಯದು ಭಾಷಣಕ್ಕೆ ಬೇಕು. ನಂಬಲು ಕಷ್ಟವಾದ ಸಂಗತಿ ಸುಳ್ಳಾಗಿರುವ ಸಂಭವವೂ ಹೆಚ್ಚು, ಅಲ್ವಾ? ಹಾಗಾಗಿ ಜನರ ಕಿವಿಗೆ ಬೀಳುವ ಹೊತ್ತಿಗೆ ಉಳಿದಿರುವುದರಲ್ಲಿ ಜೊಳ್ಳೇ ಜಾಸ್ತಿ. 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಇದು ಬಯಲಾಯಿತು. ಮೊದಲ ಸಲ ಶೇ 97ರಷ್ಟು ಅಧ್ಯಯನಗಳಲ್ಲಿ ಪರಿಣಾಮ ಕಂಡಿತ್ತು. ಎರಡನೇ ಸಲ ಶೇ 36ರಷ್ಟರಲ್ಲಿ ಮಾತ್ರ.

ಜಾಮ್ ಬಾಟಲಿಗಳ ಲೆಕ್ಕ

ಮೋಸವೂ ಇಲ್ಲ, ಸಂಪೂರ್ಣ ಸತ್ಯವೂ ಅಲ್ಲ ಎನ್ನುವ ಮೂರನೇ ಬಗೆ ಒಂದಿದೆ. ಹೆಚ್ಚಿನ ಸಂಶೋಧನೆಗಳು ಸೇರುವುದು ಇಲ್ಲೇ. ಇದಕ್ಕೆ ಜಾಮ್ ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ ರುಚಿ ನೋಡಲು ಒಮ್ಮೆ 24 ಬಗೆಯ ಜಾಮ್ ಇಟ್ಟರು, ಒಮ್ಮೆ 6 ಬಗೆ. 24 ಇದ್ದಾಗ ಹಾದುಹೋಗುವವರಲ್ಲಿ ಶೇ 60ರಷ್ಟು ಮಂದಿ ನಿಂತರು, 6 ಇದ್ದಾಗ ಶೇ 40. ಕೊಂಡವರ ಲೆಕ್ಕ ಮಾತ್ರ ಉಲ್ಟಾ. 24ರ ಮುಂದೆ ನಿಂತವರಲ್ಲಿ ಕೊಂಡವರು ಶೇ 3, ಆರರ ಮುಂದೆ ನಿಂತವರಲ್ಲಿ ಶೇ 30. ಆಯ್ಕೆ ಜಾಸ್ತಿಯಾದರೆ ಮನಸ್ಸು ಕಂಗೆಡುತ್ತದೆ ಎಂಬ ಮಾತು ಅಲ್ಲಿಂದ ಜಗತ್ತೆಲ್ಲ ಸುತ್ತಿತು.

2010ರಲ್ಲಿ ಬೆಂಜಮಿನ್ ಶೈಬೆಹೆನ್ನೆ ಮತ್ತು ಇನ್ನಿಬ್ಬರು ಇಂಥ 50 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಸರಾಸರಿ ತೆಗೆದರು. ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಆಯ್ಕೆಯ ಹೊರೆ ಎನ್ನುವುದೇ ಇಲ್ಲ ಎಂದು ಆಗ ಕೆಲವರು ಬರೆದರು. ಇದೂ ಅವಸರದ ಮಾತು. ಒಂದು ಕಾಲು ಬೆಂಕಿಯಲ್ಲಿ, ಒಂದು ಕಾಲು ಮಂಜುಗಡ್ಡೆಯ ಮೇಲೆ ಇಟ್ಟವನಿಗೆ ಸರಾಸರಿ ಹಿತವಾಗಿದೆ ಎಂದ ಹಾಗೆ. ಆ 50ರಲ್ಲಿ ಕೆಲವು ಕಡೆ ಆಯ್ಕೆ ಹೆಚ್ಚಿದ್ದು ತೊಂದರೆ ಕೊಟ್ಟಿತ್ತು, ಕೆಲವು ಕಡೆ ಅದರಿಂದಲೇ ಲಾಭವಾಗಿತ್ತು. ಕೂಡಿಸಿದಾಗ ಒಂದನ್ನೊಂದು ನುಂಗಿ ಹಾಕಿದವು.

ಯಾವಾಗ ತೊಂದರೆ ಎಂದು 2015ರಲ್ಲಿ ಅಲೆಕ್ಸಾಂಡರ್ ಚೆರ್ನೆವ್ ಮತ್ತು ಜೊತೆಯವರು ಬಿಡಿಸಿ ನೋಡಿದರು. ತನಗೆ ಏನು ಬೇಕು ಎಂದು ಕೊಳ್ಳುವವನಿಗೇ ಗೊತ್ತಿಲ್ಲದಿದ್ದಾಗ. ಒಂದನ್ನು ಇನ್ನೊಂದರ ಜೊತೆ ಹೋಲಿಸುವುದು ಕಷ್ಟವಾದಾಗ. ನಿರ್ಧಾರದ ಕೆಲಸವೇ ಕಷ್ಟದ್ದಾದಾಗ. ಸುಮ್ನೆ ನೋಡಲು ಬಂದದ್ದಲ್ಲ, ಒಂದನ್ನು ಆರಿಸಲೇಬೇಕು ಎಂದಾಗ. ತನಗೆ ಬೇಕಾದ ಅಳತೆಯ ಕಪ್ಪು ಬೂಟು ಹುಡುಕುವವನಿಗೆ ದೊಡ್ಡ ಅಂಗಡಿಯೇ ಅನುಕೂಲ. ಮೊದಲ ಸಲ ಆರೋಗ್ಯ ವಿಮೆ ಆರಿಸುವವನಿಗೆ ನಲವತ್ತು ಪಾಲಿಸಿ ತೋರಿಸಿದರೆ ಅವನು ಎದ್ದು ಹೋಗುತ್ತಾನೆ. ಇಬ್ಬರೂ ಅದೇ ಮನುಷ್ಯ ಆಗಿರಬಹುದು. ಬದಲಾಗಿದ್ದು ಸಂದರ್ಭ.

ಈ ಉತ್ತರದಲ್ಲಿ ಒಂದು ಕೊರತೆ ಇದೆ. ಇದನ್ನು ಒಂದು ಸಾಲಿನಲ್ಲಿ ಹೇಳಲು ಬರುವುದಿಲ್ಲ. ಹಾಗಾಗಿ ಜನಪ್ರಿಯವಾಗಲಿಲ್ಲ.

ಬೀಳದೆ ನಿಂತವು

ಇಷ್ಟೆಲ್ಲ ಪರೀಕ್ಷೆಯ ನಂತರವೂ ಗಟ್ಟಿಯಾಗಿ ನಿಂತವು ಇವೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1974ರಲ್ಲಿ ವಿವರಿಸಿದ ಲಂಗರು ಪರಿಣಾಮ ಅಂಥದ್ದು. ಯಾವಾಗಲೂ 10 ಅಥವಾ 65ರಲ್ಲೇ ನಿಲ್ಲುವ ಹಾಗೆ ಮಾಡಿದ್ದ ಚಕ್ರವೊಂದನ್ನು ಅವರು ಜನರ ಮುಂದೆ ತಿರುಗಿಸಿದರು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟಿರಬಹುದು ಎಂದು ಕೇಳಿದರು. 10 ಕಂಡವರ ಊಹೆ ಸುಮಾರು 25, 65 ಕಂಡವರದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇಲ್ಲ. ಆದರೂ ಮೊದಲು ಕಂಡ ಅಂಕಿ ಮನಸ್ಸನ್ನು ಹಿಡಿದುಕೊಳ್ಳುತ್ತದೆ. ಹಳೆಯ ಬೆಲೆ ಬರೆದು ಗೀಟು ಹಾಕಿ ಪಕ್ಕದಲ್ಲಿ ಹೊಸ ಬೆಲೆ ತೋರಿಸುವುದು ಇದರ ಮೇಲೆಯೇ ನಿಂತಿದೆ. 36 ಕಡೆ, 6,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಈ ಪರಿಣಾಮ ಮೂಲಕ್ಕಿಂತ ಜೋರಾಗಿಯೇ ಕಂಡಿತು. ಅದೇ ಮರುಪರೀಕ್ಷೆಯಲ್ಲಿ, ಹಣದ ಚಿತ್ರ ತೋರಿಸಿದರೆ ಜನರ ಅಭಿಪ್ರಾಯ ಬದಲಾಗುತ್ತದೆ ಎನ್ನುವಂಥ ಚಮತ್ಕಾರದ ಫಲಿತಾಂಶ ಮುಗ್ಗರಿಸಿತು.

ಲಾಭದ ಖುಷಿಗಿಂತ ನಷ್ಟದ ನೋವು ದೊಡ್ಡದು ಎನ್ನುವ ವಿಚಾರವನ್ನೂ ಒಳಗೊಂಡ ಅವರ 1979ರ ಸಿದ್ಧಾಂತವನ್ನು 2020ರಲ್ಲಿ 19 ದೇಶಗಳಲ್ಲಿ ಪರೀಕ್ಷಿಸಿದರು. ಬಹುಪಾಲು ನಿಂತಿತು. ನಷ್ಟದ ನೋವು ಎಲ್ಲ ಕಡೆಯೂ, ಸಣ್ಣ ಮೊತ್ತಕ್ಕೂ ಹೀಗೇನಾ ಎಂಬ ಜಗಳ ಮಾತ್ರ ಇನ್ನೂ ಇದೆ.

ಎಲ್ಲಕ್ಕಿಂತ ಬಲವಾದದ್ದು ಡಿಫಾಲ್ಟ್, ಅಂದರೆ ನಾವೇನೂ ಮಾಡದೆ ಬಿಟ್ಟರೆ ತಾನಾಗಿ ಜಾರಿಯಾಗುವ ಆಯ್ಕೆ. ಅಮೆರಿಕದ ಕಂಪನಿಯೊಂದು ಹೊಸ ನೌಕರರನ್ನು ಕೇಳದೆಯೇ ನಿವೃತ್ತಿ ಉಳಿತಾಯಕ್ಕೆ ಸೇರಿಸಿ, ಬೇಡವಾದವರು ಹೊರಬನ್ನಿ ಎಂದಿತು. ಸೇರಿದವರ ಪ್ರಮಾಣ ಶೇ 49ರಿಂದ 86ಕ್ಕೆ ಹಾರಿತು ಎಂದು 2001ರಲ್ಲಿ ಬ್ರಿಜಿಟ್ ಮೇಡ್ರಿಯನ್ ಮತ್ತು ಡೆನಿಸ್ ಶೇ ತೋರಿಸಿದರು. ಕಾರಣಗಳು ಸರಳ. ಬದಲಿಸಲು ಕೈ ಆಡಿಸಬೇಕು, ಅದು ಬೇಜಾರು. ಮೊದಲೇ ಟಿಕ್ ಇದ್ದರೆ, ತಿಳಿದವರು ಯಾರೋ ಇದೇ ಸರಿ ಅಂದಿರಬೇಕು ಎನ್ನಿಸುತ್ತದೆ. ಈಗಾಗಲೇ ನಮ್ಮದಾದದ್ದನ್ನು ಬಿಡುವುದು ನಷ್ಟದ ಹಾಗೆ ಕಾಣುತ್ತದೆ. ಇಲ್ಲಿಯೂ ಒಂದು ತಿದ್ದುಪಡಿ ಬಂದಿದೆ: ಕೆಲಸ ಬಿಡುವಾಗ ಜನ ಆ ಹಣ ತೆಗೆದುಬಿಡುವುದರಿಂದ ದೀರ್ಘಕಾಲದ ಲಾಭ ಅಂದುಕೊಂಡಷ್ಟಿಲ್ಲ ಎಂದು 2024ರ ಅಧ್ಯಯನವೊಂದು ಹೇಳಿತು.

ಬಿದ್ದವುಗಳಲ್ಲಿ ದೊಡ್ಡದು ಬ್ಯಾಟರಿಯ ಹಾಗೆ ಖಾಲಿಯಾಗುವ ಇಚ್ಛಾಶಕ್ತಿ. 2016ರಲ್ಲಿ 23 ಪ್ರಯೋಗಾಲಯಗಳು 2,000ಕ್ಕೂ ಹೆಚ್ಚು ಜನರ ಮೇಲೆ ಮಾಡಿ ನೋಡಿದಾಗ ಏನೂ ಸಿಗಲಿಲ್ಲ ಅನ್ನುವಷ್ಟು ಕಡಿಮೆ ಸಿಕ್ಕಿತು. ಇಂಥದ್ದೇ ಇನ್ನೊಂದು ವಿಷಯದಲ್ಲಿ, ಸಣ್ಣ ಸಣ್ಣ ಅಧ್ಯಯನಗಳ ಮೇಲೆ ತಾವು ಅತಿಯಾದ ನಂಬಿಕೆ ಇಟ್ಟಿದ್ದಾಗಿ 2017ರಲ್ಲಿ ಸ್ವತಃ ಕಾನೆಮನ್ ಒಪ್ಪಿಕೊಂಡರು. ನೊಬೆಲ್ ಪಡೆದವರು ಹೀಗೆ ಬಹಿರಂಗವಾಗಿ ತಪ್ಪು ಒಪ್ಪುವುದು ಅಪರೂಪ.

ನಿಂತವನ್ನೂ ಬಿದ್ದವನ್ನೂ ಪಕ್ಕಪಕ್ಕ ಇಟ್ಟರೆ ಒಂದು ಗುಣ ಕಾಣುತ್ತದೆ. ನಿಂತವು ಸಪ್ಪೆ. ಜನ ಸೋಮಾರಿಗಳು, ನಷ್ಟಕ್ಕೆ ಹೆದರುತ್ತಾರೆ, ಮೊದಲು ಕೇಳಿದ್ದನ್ನು ಹಿಡಿದುಕೊಳ್ಳುತ್ತಾರೆ. ಇದನ್ನು ಹೇಳಲು ಪ್ರೊಫೆಸರ್ ಬೇಕಾ ಎಂದು ಕೇಳಬಹುದು. ಎಷ್ಟರ ಮಟ್ಟಿಗೆ ಎಂದು ಹೇಳಲು ಬೇಕು.

ಸರ್ಕಾರಗಳ ಜಗಳ

ಈ ಸಂಶೋಧನೆಯನ್ನು ನಂಬಿ ಹಲವು ಸರ್ಕಾರಗಳು ವಿಶೇಷ ತಂಡಗಳನ್ನೇ ಕಟ್ಟಿವೆ. ದಂಡ, ಸಬ್ಸಿಡಿ ಇಲ್ಲದೆ ಜನರನ್ನು ಮೆಲ್ಲಗೆ ಒಳ್ಳೆಯ ದಾರಿಗೆ ತಳ್ಳುವುದು ಇವುಗಳ ಕೆಲಸ. 2022ರ ಆರಂಭದಲ್ಲಿ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಕೂಡಿಸಿ, ಈ ತಳ್ಳುವಿಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದು ಒಂದು ತಂಡ ಹೇಳಿತು. ಕೆಲವೇ ತಿಂಗಳಲ್ಲಿ ಇನ್ನೊಂದು ತಂಡ ಅದೇ ಡೇಟಾ ತೆಗೆದುಕೊಂಡು, ಪ್ರಕಟವಾಗದೆ ಉಳಿದ ಅಧ್ಯಯನಗಳನ್ನೂ ಅಂದಾಜಿಸಿ ಲೆಕ್ಕ ಹಾಕಿದರೆ ಏನೂ ಉಳಿಯುವುದಿಲ್ಲ ಎಂದಿತು. ಓದುಗ ತಲೆ ಕೆರೆದುಕೊಳ್ಳದೆ ಇನ್ನೇನು ಮಾಡಬೇಕು?

ಈ ಜಗಳಕ್ಕೆ ಒಳ್ಳೆಯ ಬೆಳಕು ಚೆಲ್ಲಿದ್ದು ಸ್ಟೆಫಾನೋ ಡೆಲ್ಲಾವಿನಾ ಮತ್ತು ಎಲಿಜಬೆತ್ ಲೈನೋಸ್ ಅವರ 2022ರ ಅಧ್ಯಯನ. ಅಮೆರಿಕದ ಎರಡು ದೊಡ್ಡ ತಂಡಗಳು ಮಾಡಿದ ಎಲ್ಲ ಪ್ರಯೋಗಗಳನ್ನೂ, ಸೋತದ್ದನ್ನೂ ಬಿಡದೆ, ಅವರು ತರಿಸಿಕೊಂಡರು. ಒಟ್ಟು 126 ಪ್ರಯೋಗ, 2.3 ಕೋಟಿ ಜನ. ಪತ್ರಿಕೆಗಳಲ್ಲಿ ಬಂದ ಅಧ್ಯಯನಗಳ ಪ್ರಕಾರ ನೂರಕ್ಕೆ 8.7 ಮಂದಿ ಹೆಚ್ಚುವರಿಯಾಗಿ ಬದಲಾಗಬೇಕು. ನಿಜವಾಗಿ ಬದಲಾದವರು ನೂರಕ್ಕೆ 1.4.

1.4 ಅಂದರೆ ಸೋಲಾ? ಒಂದು ಪತ್ರದ ಮಾತು ಬದಲಿಸಲು ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಒಂದು ಕೋಟಿ ಜನಕ್ಕೆ ಕಳಿಸಿದರೆ 1.4 ಲಕ್ಷ ಜನ ಬದಲಾಗುತ್ತಾರೆ. ಇದು ಪರವಾಗಿರುವವರ ವಾದ. ಅದಕ್ಕೆ ಎದುರು ನಿಂತವರಲ್ಲಿ ನಿಕ್ ಚೇಟರ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಮುಖ್ಯರು. ಇಬ್ಬರೂ ಇದೇ ಕ್ಷೇತ್ರದವರು. ಸಮಸ್ಯೆ ವ್ಯವಸ್ಥೆಯದ್ದಾಗಿರುವಾಗ ವ್ಯಕ್ತಿಯ ಮನಸ್ಸನ್ನು ರಿಪೇರಿ ಮಾಡಲು ಹೊರಟೆವು, ಇದರಿಂದ ತೆರಿಗೆ, ಕಾನೂನಿನಂಥ ಗಟ್ಟಿ ಕ್ರಮಗಳು ಹಿಂದೆ ಸರಿದವು ಎನ್ನುವುದು ಅವರ ದೂರು. ಎರಡೂ ಕಡೆಯವರ ಮಾತಿನಲ್ಲೂ ಹುರುಳಿದೆ. ಆದರೆ 1.4ನ್ನು 8.7 ಎಂದು ನಂಬಿಸಿ ಯೋಜನೆ ಹಾಕಿಸಿದ್ದರ ಹೊಣೆ ಸಂಶೋಧನಾ ಪತ್ರಿಕೆಗಳ ಮೇಲೆಯೇ ಬರುತ್ತದೆ.

ಈ ಬಿಕ್ಕಟ್ಟು ಯಾರಿಗಿಲ್ಲ?

ಮಾರುವವರಿಗಿಲ್ಲ. ಚರ್ಚೆಯಲ್ಲಿ ಇದು ಹೆಚ್ಚಾಗಿ ಮರೆತುಹೋಗುತ್ತದೆ.

ವಿಶ್ವವಿದ್ಯಾಲಯದ ಸಂಶೋಧಕನಿಗೆ ಇನ್ನೂರು ವಿದ್ಯಾರ್ಥಿಗಳು ಸಿಕ್ಕರೆ ಪುಣ್ಯ. ಆನ್‌ಲೈನ್ ಕಂಪನಿ ಒಂದು ಬಟನ್‌ನ ಬಣ್ಣವನ್ನು ಲಕ್ಷಾಂತರ ಜನರ ಮೇಲೆ ಪರೀಕ್ಷಿಸಬಹುದು. ಅರ್ಧ ಜನಕ್ಕೆ ಹಳೆಯದು, ಅರ್ಧ ಜನಕ್ಕೆ ಹೊಸದು. ಮೈಕ್ರೋಸಾಫ್ಟ್‌ನ ಬಿಂಗ್‌ನಲ್ಲಿ 2012ರಲ್ಲಿ ಹೀಗೆಯೇ ಆಯಿತು. ಜಾಹೀರಾತಿನ ಶೀರ್ಷಿಕೆ ತೋರಿಸುವ ರೀತಿಯನ್ನು ಸ್ವಲ್ಪ ಬದಲಿಸೋಣ ಎಂದು ನೌಕರರೊಬ್ಬರು ಸೂಚಿಸಿದ್ದರು. ಅದು ಅಷ್ಟೇನೂ ಮುಖ್ಯವಲ್ಲ ಎಂದು ಆರು ತಿಂಗಳಿಗೂ ಹೆಚ್ಚು ಮೂಲೆಯಲ್ಲಿ ಬಿದ್ದಿತ್ತು. ಕೊನೆಗೆ ಪರೀಕ್ಷಿಸಿದಾಗ ಆದಾಯ ಶೇ 12 ಏರಿತು. ಅಮೆರಿಕದಲ್ಲೇ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು.

ಅಂದರೆ ಮನಸ್ಸಿನ ಬಗ್ಗೆ ಅತಿ ನಂಬಲರ್ಹವಾದ ಜ್ಞಾನ ಇರುವುದು ಕಂಪನಿಗಳ ಒಳಗೆ. ಅದು ಪತ್ರಿಕೆಗಳಲ್ಲಿ ಬರುವುದು ಅಪರೂಪ. ಅಲ್ಲಿ ಅಳೆಯುವುದು ಗ್ರಾಹಕನಿಗೆ ಒಳ್ಳೆಯದಾಯಿತೇ ಎಂದಲ್ಲ, ಒತ್ತಿದನೇ ಎಂದು. ಉಳಿತಾಯಕ್ಕೆ ಸೇರಿಸಿದ ಅದೇ ಡಿಫಾಲ್ಟ್ ಟಿಕ್, ಬೇಡದ ಚಂದಾಕ್ಕೂ ಸೇರಿಸುತ್ತದೆ. ಹ್ಯಾರಿ ಬ್ರಿಗ್‌ನಲ್ 2010ರಲ್ಲಿ ಇಂಥ ವಿನ್ಯಾಸಗಳಿಗೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ಜೇಮೀ ಲುಗೂರಿ ಮತ್ತು ಲಿಯರ್ ಸ್ಟ್ರಾಹಿಲೆವಿಟ್ಜ್ 2021ರಲ್ಲಿ ಅಳೆದು ನೋಡಿದರು. ಮೃದುವಾದ ಡಾರ್ಕ್ ಪ್ಯಾಟರ್ನ್ ಕಂಡವರು ಒಂದು ಸೇವೆಗೆ ಸೇರುವ ಸಂಭವ ಎರಡು ಪಟ್ಟಿಗಿಂತ ಹೆಚ್ಚಾಯಿತು. ಒರಟಾದದ್ದು ಕಂಡವರಲ್ಲಿ ಸುಮಾರು ನಾಲ್ಕು ಪಟ್ಟು. ಮೃದುವಾದದ್ದೇ ಹೆಚ್ಚು ಅಪಾಯ ಎಂದು ಅವರಿಗೆ ಅನ್ನಿಸಿತು. ಏಕೆಂದರೆ ಅದಕ್ಕೆ ಜನ ಸಿಟ್ಟಾಗುವುದೂ ಇಲ್ಲ.

ಅಮೆಜಾನ್ ಪ್ರೈಮ್ ಪ್ರಕರಣ ಗೊತ್ತಿರಬಹುದು. ಜನರನ್ನು ತಿಳಿಯದ ಹಾಗೆ ಸೇರಿಸಿಕೊಂಡು, ಬಿಡುವುದನ್ನು ಬೇಕೆಂದೇ ಕಷ್ಟ ಮಾಡಿದೆ ಎಂದು ಅಮೆರಿಕದ ವ್ಯಾಪಾರ ಆಯೋಗ 2023ರಲ್ಲಿ ಮೊಕದ್ದಮೆ ಹಾಕಿತು. ಬಿಡುವ ದಾರಿಗೆ ಕಂಪನಿಯ ಒಳಗೆ ಇಟ್ಟಿದ್ದ ಹೆಸರು ಇಲಿಯಡ್ ಅಂತೆ, ಮುಗಿಯದ ಯುದ್ಧದ ಮಹಾಕಾವ್ಯ! 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪು ಒಪ್ಪದೆಯೇ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಯುರೋಪಿನ ಡಿಜಿಟಲ್ ಸೇವಾ ಕಾನೂನು ಇಂಥ ವಿನ್ಯಾಸಗಳನ್ನು ತಡೆಯುತ್ತದೆ. ಭಾರತ 2023ರಲ್ಲಿ 13 ಬಗೆಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು.

ಹಾಗಾಗಿ, ಈ ವಿಜ್ಞಾನವೇ ಬೊಗಳೆ ಎಂಬ ತೀರ್ಮಾನದಿಂದ ಅನುಕೂಲ ಯಾರಿಗೆ ಎಂದು ನೋಡಬೇಕು. ಗ್ರಾಹಕರ ಪರ ಕಾನೂನು ಬರೆಯುವವರಿಗೆ ಪುರಾವೆ ಬೇಕು. ಮಾರುವವರಿಗೆ ಪ್ರಕಟವಾದ ಪುರಾವೆ ಬೇಕಿಲ್ಲ, ಅವರ ಹತ್ತಿರ ತಮ್ಮದೇ ಇದೆ.

ಮುಂದೆ ಏನಾಗಲಿದೆ

ಸಂಶೋಧನೆಯ ಪದ್ಧತಿ ಈಗಾಗಲೇ ಬದಲಾಗುತ್ತಿದೆ. ಪ್ರಯೋಗಕ್ಕೆ ಮೊದಲೇ ಏನು ಅಳೆಯುತ್ತೇವೆ, ಎಷ್ಟು ಜನರನ್ನು ಸೇರಿಸುತ್ತೇವೆ ಎಂದು ಬರೆದು ನೋಂದಾಯಿಸುವುದು, ಡೇಟಾವನ್ನು ಎಲ್ಲರಿಗೂ ತೆರೆದಿಡುವುದು ರೂಢಿಯಾಗುತ್ತಿದೆ. ಇದರ ಬೆಲೆಯೂ ಇದೆ. ಸಾವಿರಾರು ಜನರ ಪ್ರಯೋಗಕ್ಕೆ ಹಣ ಬೇಕು, ಸಮಯ ಬೇಕು. ದೊಡ್ಡ ವಿಶ್ವವಿದ್ಯಾಲಯಗಳು ತಾಳಿಕೊಳ್ಳುತ್ತವೆ, ಸಣ್ಣವು ಹಿಂದೆ ಬೀಳಬಹುದು. ಇನ್ನೊಂದು ಭಯ ಮೊಕದ್ದಮೆಯದು. ಡೇಟಾ ಕೊಲಾಡಾದ ಮೂವರಿಗೆ ಬೇರೆ ಸಂಶೋಧಕರು ಮತ್ತು ಓದುಗರು ಲಕ್ಷಗಟ್ಟಲೆ ಡಾಲರ್ ದೇಣಿಗೆ ಕೊಟ್ಟರು. ಹೆಸರಿಲ್ಲದ ವಿದ್ಯಾರ್ಥಿಯೊಬ್ಬ ತನ್ನ ಪ್ರೊಫೆಸರ್ ಫೈಲಿನಲ್ಲಿ ತಪ್ಪು ಕಂಡರೆ ಅಷ್ಟು ಬೆಂಬಲ ಸಿಗುವ ಭರವಸೆ ಇಲ್ಲ.

ಹೊಸ ಬಗೆಯ ಪ್ರಯೋಗ ಹೇಗಿರುತ್ತದೆ ಎಂಬುದಕ್ಕೆ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಯವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬಹುದು. ಜಿಮ್ ಸದಸ್ಯರಾದ 61,293 ಜನರ ಮೇಲೆ 54 ಬೇರೆ ಬೇರೆ ಉಪಾಯಗಳನ್ನು ಒಂದೇ ಕಾಲಕ್ಕೆ ಪರೀಕ್ಷಿಸಿದರು. ನಾಲ್ಕು ವಾರ ನಡೆದಾಗ ಸುಮಾರು ಅರ್ಧದಷ್ಟು ಉಪಾಯಗಳು ಫಲ ಕೊಟ್ಟವು. ನಿಲ್ಲಿಸಿದ ಮೇಲೂ ಅಭ್ಯಾಸ ಉಳಿಸಿದ್ದು ನೂರಕ್ಕೆ ಎಂಟು ಉಪಾಯ ಮಾತ್ರ. ಎಲ್ಲಕ್ಕಿಂತ ಮುಂದೆ ಬಂದದ್ದು, ಒಂದು ದಿನ ತಪ್ಪಿಸಿದವರು ಮರಳಿ ಬಂದರೆ ಸಣ್ಣ ಬಹುಮಾನ ಕೊಡುವ ಉಪಾಯ. ಯಾವುದು ಗೆಲ್ಲುತ್ತದೆ ಎಂದು ಹೊರಗಿನವರ ಹತ್ತಿರ, ಅವರಲ್ಲಿ ಈ ವಿಷಯದ ಪ್ರೊಫೆಸರ್‌ಗಳೂ ಇದ್ದರು, ಮೊದಲೇ ಊಹೆ ಬರೆಸಿಕೊಂಡಿದ್ದರು. ಅವರ ಊಹೆಗೂ ಫಲಿತಾಂಶಕ್ಕೂ ತಾಳೆಯೇ ಆಗಲಿಲ್ಲ.